ಲಿಸ್ಬನ್ನಿನ ಏರುಬೀದಿ, ತವೀರಾದ ಮರಳದಂಡೆ: ದಂಪತಿಗಳಿಗೆ ಹತ್ತು ದಿನಗಳ ಪೋರ್ಚುಗಲ್

ಭೂಪಟದಲ್ಲಿ ಪೋರ್ಚುಗಲ್ ಚಿಕ್ಕದಾಗಿ ಕಾಣುವುದರಿಂದ, ಹತ್ತು ದಿನಗಳ ರಜೆಯಲ್ಲಿ ಪೋರ್ಟೊ, ಲಿಸ್ಬನ್, ಅಲ್ಗಾರ್ವ್ ಮೂರನ್ನೂ ನೋಡಿ ಬರಬಹುದೆಂದು ಅನೇಕ ದಂಪತಿಗಳು ಲೆಕ್ಕ ಹಾಕುತ್ತಾರೆ. ಹಾಗೆ ಹೊರಟವರ ರಜೆಯಲ್ಲಿ ಮೂರು ದಿನ ಪೆಟ್ಟಿಗೆ ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಹೋಗುತ್ತದೆ. ಆದ್ದರಿಂದ ಇಲ್ಲಿ ಪೋರ್ಟೊ ನಗರವನ್ನು ಬೇಕೆಂದೇ ಬಿಟ್ಟಿದ್ದೇನೆ. ಲಿಸ್ಬನ್ನಿನಲ್ಲಿ ನಾಲ್ಕು ರಾತ್ರಿ, ದಕ್ಷಿಣದ ಅಲ್ಗಾರ್ವ್ ಕರಾವಳಿಯ ಒಂದೇ ಊರಿನಲ್ಲಿ ಐದು ರಾತ್ರಿ, ಎರಡನ್ನೂ ಜೋಡಿಸುವುದಕ್ಕೆ ಒಂದು ರೈಲು ಎಂಬಷ್ಟಕ್ಕೆ ಯೋಜನೆಯನ್ನು ನಿಲ್ಲಿಸಿದರೆ, ಇಬ್ಬರಿಗೂ ನೋಡಿದ್ದನ್ನು ನೆನಪಿಟ್ಟುಕೊಳ್ಳುವಷ್ಟು ಬಿಡುವು ಸಿಗುತ್ತದೆ.

ಮೊದಲು ನಗರ, ಆಮೇಲೆ ಕಡಲು ಎಂಬ ಕ್ರಮಕ್ಕೆ ಒಂದು ಸರಳ ಕಾರಣವಿದೆ. ಬೇಸಿಗೆಯಲ್ಲಿ ಪೋರ್ಚುಗಲ್ಲಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಭಾರತದಿಂದ ಹೋದವರಿಗೆ ಮೊದಲ ಮೂರು ದಿನ ಬೆಳಗಿನ ಐದಕ್ಕೇ ಎಚ್ಚರವಾಗಿಬಿಡುತ್ತದೆ, ಸಂಜೆ ಎಂಟಕ್ಕೆ ಕಣ್ಣು ಎಳೆಯುತ್ತದೆ. ಇದನ್ನು ತೊಂದರೆಯೆಂದು ಎಣಿಸದೆ ಅನುಕೂಲವಾಗಿ ಬಳಸಿಕೊಳ್ಳಬೇಕು. ಹತ್ತು ಗಂಟೆಯ ಮೇಲೆ ಕಾಲಿಡಲು ಜಾಗವಿಲ್ಲದ, ಲಿಸ್ಬನ್ನಿನ ಹಳೆಯ ಬಡಾವಣೆಯಾದ ಅಲ್ಫಾಮಾದ ಓಣಿಗಳು ಆರೂವರೆಗೆ ಅಲ್ಲಿನ ನಿವಾಸಿಗಳದ್ದಾಗಿಯೇ ಇರುತ್ತವೆ.

ತಿಂಗಳ ಆಯ್ಕೆಯಲ್ಲಿ ಹೆಚ್ಚು ಯೋಚಿಸುವುದೇನೂ ಇಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಯುರೋಪಿನ ಅರ್ಧ ಭಾಗವೇ ಅಲ್ಗಾರ್ವಿಗೆ ಬಂದಿರುತ್ತದೆ, ಕೋಣೆಗಳ ಬಾಡಿಗೆಯೂ ಅದಕ್ಕೆ ತಕ್ಕಂತೆ ಏರಿರುತ್ತದೆ. ನಡೆದು ನೋಡುವುದು ಮುಖ್ಯವಾದರೆ ಮೇ ಕೊನೆಯಿಂದ ಜೂನ್ ನಡುವಿನವರೆಗಿನ ಕಾಲ, ನೀರಿಗಿಳಿಯುವುದು ಮುಖ್ಯವಾದರೆ ಸೆಪ್ಟೆಂಬರ್ ಒಳ್ಳೆಯದು. ಅಟ್ಲಾಂಟಿಕ್ ನೀರು ಬೇಸಿಗೆಯುದ್ದಕ್ಕೂ ನಿಧಾನವಾಗಿ ಕಾದು, ಜನಸಂದಣಿ ಕರಗುವ ಹೊತ್ತಿಗೆ ತನ್ನ ಹಿತವಾದ ಹದಕ್ಕೆ ಬರುತ್ತದೆ. ಆಗಲೂ ಅದು ಮಲ್ಪೆಯ ನೀರಿನಷ್ಟು ಬೆಚ್ಚಗಿರುವುದಿಲ್ಲ ಎಂಬುದನ್ನು ತಿಳಿದೇ ಹೊರಡಬೇಕು. ಜೂನ್ 12ರ ರಾತ್ರಿ ಲಿಸ್ಬನ್ನಿನಲ್ಲಿದ್ದರೆ ಸಂತ ಅಂತೋನಿಯ ಹಬ್ಬದ ಮೆರವಣಿಗೆಯೂ, ಬೀದಿಬೀದಿಯಲ್ಲಿ ಸುಡುವ ಭೂತಾಯಿ ಮೀನಿನ ಹೊಗೆಯೂ ಜೊತೆಗೆ ಸಿಗುತ್ತವೆ. ಆದರೆ ಆ ರಾತ್ರಿ ಅಲ್ಫಾಮಾದೊಳಗೆ ಕೋಣೆ ಹಿಡಿದವರು ನಿದ್ದೆಯ ಆಸೆಯನ್ನು ಬಿಡಬೇಕಾಗುತ್ತದೆ.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹದಿನೈದು ದಿನ ಮುಂಚಿನವರೆಗೆ ಅರ್ಜಿ ಸಲ್ಲಿಸಲು ಅವಕಾಶವಿದ್ದರೂ, ಬೇಸಿಗೆಗೆ ಹೋಗುವವರು ಮೂರು ತಿಂಗಳು ಮೊದಲೇ ಸಲ್ಲಿಸುವುದು ಕ್ಷೇಮ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಗಂಡಹೆಂಡಿರಾದರೂ ಅರ್ಜಿಗಳು ಬೇರೆಬೇರೆಯೇ ಆದ್ದರಿಂದ ಹೋಟೆಲ್ ಕಾಯ್ದಿರಿಸುವಿಕೆಯಲ್ಲಿ ಇಬ್ಬರ ಹೆಸರೂ ಇರಲಿ. ಹೊಸದಾಗಿ ಮದುವೆಯಾದವರು ಎಡವುವುದು ಇನ್ನೊಂದು ಕಡೆ: ಪಾಸ್‌ಪೋರ್ಟಿನಲ್ಲಿ ತವರಿನ ಹೆಸರಿದ್ದು ವಿಮಾನದ ಟಿಕೆಟ್ಟಿನಲ್ಲಿ ಗಂಡನ ಮನೆತನದ ಹೆಸರಿದ್ದರೆ, ಅದನ್ನು ತಿದ್ದಿಸುವ ಹೊತ್ತಿಗೆ ಸಾಕುಸಾಕಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದನ್ನೇ ಎಲ್ಲ ಕಡೆಯೂ ಬರೆಯಬೇಕು. ಬೆಂಗಳೂರಿನಿಂದ ದುಬೈ ಮೂಲಕ ಹೋದರೆ ಯುರೋಪಿನ ಗಡಿ ತಪಾಸಣೆ ಲಿಸ್ಬನ್ನಿನಲ್ಲಿ ನಡೆಯುತ್ತದೆ. ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್ ಮೂಲಕ ಹೋದರೆ ಅಲ್ಲೇ ಮುಗಿಯುತ್ತದೆ. 2025ರ ಅಕ್ಟೋಬರ್‌ನಿಂದ ಹಂತಹಂತವಾಗಿ ಬೆರಳಚ್ಚು ಮತ್ತು ಭಾವಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಬಂದಿರುವುದರಿಂದ, ವಿಮಾನ ಬದಲಿಸಲು ಮೂರು ಗಂಟೆಗಿಂತ ಕಡಿಮೆ ಅಂತರ ಇಟ್ಟುಕೊಳ್ಳಬಾರದು.

ಲಿಸ್ಬನ್ನಿನಲ್ಲಿ ಎಲ್ಲಿ ಇಳಿದುಕೊಳ್ಳಬೇಕು ಎಂಬುದನ್ನು ಊರಿನ ಏರಿಳಿತ ತೀರ್ಮಾನಿಸುತ್ತದೆ. 1755ರ ನವೆಂಬರ್ 1ರ ಭೂಕಂಪ, ಅದರ ಹಿಂದೆಯೇ ನುಗ್ಗಿದ ಕಡಲು ಮತ್ತು ಬೆಂಕಿ ಈ ನಗರವನ್ನು ನೆಲಸಮ ಮಾಡಿದ ಮೇಲೆ, ಪೊಂಬಾಲ್‌ನ ಮಾರ್ಕ್ವಿಸ್ ಎಂಬ ಮಂತ್ರಿಯ ಮೇಲ್ವಿಚಾರಣೆಯಲ್ಲಿ ಬೈಷಾ ಎಂಬ ಕೆಳಪೇಟೆಯನ್ನು ಚದುರಂಗದ ಮಣೆಯಂತೆ ನೇರ ಬೀದಿಗಳಲ್ಲಿ ಕಟ್ಟಿದರು. ಪೂರ್ವಕ್ಕೆ ಅಲ್ಫಾಮಾದ ಗುಡ್ಡ ಮಾತ್ರ ಹಳೆಯ ಸುತ್ತುಬಳಸಿನ ಓಣಿಗಳನ್ನು ಉಳಿಸಿಕೊಂಡಿತು. ನೋಡಲು ಅಲ್ಫಾಮಾ ಚೆಲುವಾಗಿದ್ದರೂ ಇಪ್ಪತ್ತು ಕಿಲೋ ಪೆಟ್ಟಿಗೆಯನ್ನು ಅದರ ಮೆಟ್ಟಿಲುಗಳ ಮೇಲೆ ಹೊರಬೇಕಾದಾಗ ಆ ಚೆಲುವು ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ಬೈಷಾ ಅಥವಾ ಅದಕ್ಕೆ ತಾಗಿದ ಷಿಯಾದೊದಲ್ಲಿ, ಮೆಟ್ರೋ ನಿಲ್ದಾಣಕ್ಕೆ ಹತ್ತಿರ, ಲಿಫ್ಟ್ ಇರುವ ಕಟ್ಟಡವನ್ನು ಹುಡುಕುವುದು ಜಾಣತನ. ಕಾಲುದಾರಿಗಳಿಗೆ ಹಾಸಿರುವ ಬಿಳಿ ಸುಣ್ಣಕಲ್ಲು ಸವೆದು ನುಣುಪಾಗಿದೆ. ನಾಲ್ಕು ಹನಿ ಬಿದ್ದರೆ ಸಾಕು, ಜಾರುತ್ತದೆ. ಹಿಡಿತವಿರುವ ಶೂ ಇಲ್ಲದೆ ಹೊರಡಬೇಡಿ. ನಗರಸಭೆ ತಲೆಗೆ ರಾತ್ರಿಯೊಂದಕ್ಕೆ 4 ಯೂರೋ ಪ್ರವಾಸಿ ತೆರಿಗೆ ವಿಧಿಸುತ್ತದೆ. ಅದನ್ನು ಹಲವೆಡೆ ಕೋಣೆಯ ಬಾಡಿಗೆಯಲ್ಲಿ ಸೇರಿಸಿರುವುದಿಲ್ಲ.

ಮೆಟ್ರೋ, ಬಸ್ಸು, ಟ್ರಾಮ್ ಎಲ್ಲಕ್ಕೂ ನಡೆಯುವ ನವೆಗಾಂತೆ ಎಂಬ ಕಾರ್ಡನ್ನು ಇಬ್ಬರೂ ಪ್ರತ್ಯೇಕವಾಗಿ ಕೊಳ್ಳಬೇಕು, ಒಂದನ್ನೇ ಇಬ್ಬರು ಉಜ್ಜಿ ಒಳಹೋಗುವಂತಿಲ್ಲ. ಹಳದಿ ಬಣ್ಣದ 28ನೆಯ ಸಂಖ್ಯೆಯ ಟ್ರಾಮ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದನ್ನು ಏರಲೇಬೇಕೆಂದಿದ್ದರೆ, ಮೇಲೆ ಹೇಳಿದ ನಸುಕಿನ ಎಚ್ಚರವನ್ನು ಇದಕ್ಕೂ ಬಳಸಿ, ಅದು ಹೊರಡುವ ಮಾರ್ತಿಂ ಮೊನಿಶ್‌ನಲ್ಲಿ ಏಳಕ್ಕೆ ಹತ್ತಿ ಕಿಟಕಿ ಪಕ್ಕ ಕೂರಿ. ಮಧ್ಯಾಹ್ನದ ಗಾಡಿಯಲ್ಲಿ ನಿಂತುಕೊಂಡು ಹೋಗುವುದು ಜೇಬುಗಳ್ಳರಿಗಷ್ಟೇ ಲಾಭ. ಸಂಜೆಗೆ ಗ್ರಾಸಾ ಗುಡ್ಡದ ಮೇಲಿನ ಸೆನ್ಯೋರಾ ದು ಮೊಂತೆ ಎಂಬ ನೋಟದ ಕಟ್ಟೆ ಇದೆ. ಕೆಂಪು ಹೆಂಚಿನ ಮಾಡುಗಳು, ಕೋಟೆ, ಅದರಾಚೆ ತೇಜೊ ನದಿಯ ಅಗಲವಾದ ಅಳಿವೆ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ. ಫಾದೊ ಎಂಬ ಪೋರ್ಚುಗೀಸರ ವಿಷಾದದ ಹಾಡಿಕೆ ಕೇಳಲು ಒಂದು ರಾತ್ರಿಯನ್ನು ಮೀಸಲಿಡಿ. ಹಾಡು ಶುರುವಾದಾಗ ದೀಪ ತಗ್ಗಿಸುತ್ತಾರೆ, ಊಟ ಬಡಿಸುವುದನ್ನೂ ನಿಲ್ಲಿಸುತ್ತಾರೆ. ಆಗ ಪಿಸುಮಾತನ್ನೂ ಅಲ್ಲಿ ಸಹಿಸುವುದಿಲ್ಲ.

ಒಂದು ಬೆಳಗ್ಗೆಯನ್ನು ಬೆಲೆಂ ಬಡಾವಣೆಗೆ ಕೊಡಬೇಕು. ಜೆರೋನಿಮೊಸ್ ಮಠ ಸೋಮವಾರ ಮುಚ್ಚಿರುತ್ತದೆ ಎಂಬುದನ್ನು ನೋಡಿಕೊಂಡೇ ದಿನ ಗೊತ್ತುಮಾಡಿ. ಮಠದ ಇಗರ್ಜಿಯೊಳಗೆ ಕಾಲಿಡುತ್ತಲೇ ವಾಸ್ಕೋ ಡ ಗಾಮನ ಸಮಾಧಿ, ಅದಕ್ಕೆದುರಾಗಿ ಕವಿ ಕಮೋಯಿಂಶ್‌ನ ಸಮಾಧಿ ಇವೆ. 1498ರಲ್ಲಿ ಕಲ್ಲಿಕೋಟೆಯಿಂದ ಮರಳುವಾಗ ಗಾಮ ಹಡಗುಗಳನ್ನು ಸರಿಪಡಿಸಿಕೊಳ್ಳಲು ತಂಗಿದ್ದು ನಮ್ಮ ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ. ಅದನ್ನು ನೆನಪಿಟ್ಟುಕೊಂಡು ನಿಂತರೆ ಆ ಕಲ್ಲಿನ ಮುಂದೆ ಬರುವ ಭಾವನೆಗಳು ಬರಿಯ ಮೆಚ್ಚುಗೆಯವಾಗಿರುವುದಿಲ್ಲ. ಇಗರ್ಜಿ ಎಂಬ ಮಾತೇ ಪೋರ್ಚುಗೀಸರ ಇಗ್ರೇಜದಿಂದ ಬಂದದ್ದು. ಹೋಟೆಲಿನಲ್ಲಿ ಬೀಗದ ಕೈಗೆ ಅವರು ಹೇಳುವ ಪದ ನಮ್ಮ ಚಾವಿಯ ಮೂಲ, ಆಲೂಗಡ್ಡೆಗೆ ಹೇಳುವುದು ನಮ್ಮ ಕರಾವಳಿಯ ಬಟಾಟೆಯೇ. ಮಠದ ಹತ್ತಿರವೇ 1837ರಿಂದ ನಡೆಯುತ್ತಿರುವ ಪೇಸ್ಟ್ರಿ ಅಂಗಡಿಯ ಹೊರಗೆ ಉದ್ದನೆಯ ಸಾಲು ಕಂಡರೆ ಹೆದರಬೇಕಿಲ್ಲ: ಅದು ಕಟ್ಟಿಸಿಕೊಂಡು ಹೋಗುವವರ ಸಾಲು, ಒಳಗೆ ಕೂತು ತಿನ್ನಲು ದೊಡ್ಡ ದೊಡ್ಡ ಕೋಣೆಗಳಿವೆ. ಮೊಟ್ಟೆ ತಿನ್ನದವರಿಗೆ ಮಾತ್ರ ಆ ಪೇಸ್ಟ್ರಿ ಸಲ್ಲದು, ಅದರ ಹೂರಣವೇ ಹಳದಿ ಲೋಳೆಯದು.

ನಾಲ್ಕನೆಯ ದಿನಕ್ಕೆ ಲಿಸ್ಬನ್ನಿನ ರೊಸಿಯು ನಿಲ್ದಾಣದಿಂದ ರೈಲಿನಲ್ಲಿ ಸುಮಾರು ನಲವತ್ತು ನಿಮಿಷ ದೂರದ, ಗುಡ್ಡದ ಅರಮನೆಗಳ ಊರಾದ ಸಿಂತ್ರಾ ಸಾಕು. ಅಲ್ಲಿನ ಪೇನಾ ಅರಮನೆಗೆ ಸಮಯ ನಿಗದಿಯಾದ ಟಿಕೆಟ್ಟನ್ನು ಮುಂಗಡವಾಗಿ ತೆಗೆದುಕೊಂಡಿರಬೇಕು.

ಅಲ್ಗಾರ್ವಿನ ಮುಖ್ಯ ಪಟ್ಟಣವಾದ ಫಾರೋಗೆ ಲಿಸ್ಬನ್ನಿನ ಒರಿಯೆಂತೆ ಅಥವಾ ಎಂತ್ರೆಕಾಂಪೊಸ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ವಾರಗಟ್ಟಲೆ ಮೊದಲೇ ಕೊಂಡರೆ ಟಿಕೆಟ್ಟಿಗೆ ಒಳ್ಳೆಯ ರಿಯಾಯಿತಿ ಸಿಗುತ್ತದೆ. ಊರು ಬಿಟ್ಟ ಸ್ವಲ್ಪ ಹೊತ್ತಿಗೇ ರೈಲು 25 ಅಬ್ರಿಲ್ ತೂಗುಸೇತುವೆಯ ಕೆಳಅಂತಸ್ತಿನಲ್ಲಿ ನದಿ ದಾಟುತ್ತದೆ. 1966ರಲ್ಲಿ ತೆರೆದಾಗ ಇದಕ್ಕೆ ಸರ್ವಾಧಿಕಾರಿ ಸಲಜಾರ್‌ನ ಹೆಸರಿತ್ತು. 1974ರ ಏಪ್ರಿಲ್ 25ರ ಕ್ರಾಂತಿಯ ನಂತರ ಹೆಸರು ಬದಲಾಯಿತು.

ಈಗ ಕರಾವಳಿಯ ಆಯ್ಕೆ, ಇದೇ ಈ ಪ್ರವಾಸದ ನಿಜವಾದ ತೀರ್ಮಾನ. ಚಿತ್ರಗಳಲ್ಲಿ ಕಾಣುವ ಜೇನುಬಣ್ಣದ ಬಂಡೆ, ಕಮಾನು, ಗುಹೆಗಳೆಲ್ಲ ಫಾರೋದ ಪಶ್ಚಿಮಕ್ಕೆ, ಲಾಗೋಸ್ ಮತ್ತು ಲಗೋವಾ ಸುತ್ತಮುತ್ತ ಇವೆ. ಪೂರ್ವದ ದಂಡೆಯಲ್ಲಿ ಬಂಡೆಯಿಲ್ಲ. ರಿಯಾ ಫೊರ್ಮೋಜಾ ಎಂಬ ಹಿನ್ನೀರು, ಅದರಾಚೆ ಕಡಲಿಗೆ ಅಡ್ಡಗಟ್ಟಿದಂತೆ ಮಲಗಿರುವ ಮರಳಿನ ದ್ವೀಪಗಳು, ಸ್ವಲ್ಪ ಬೆಚ್ಚಗಿನ ನೀರು ಇವೆ. ಕಾರು ಓಡಿಸುವ ಮನಸ್ಸಿಲ್ಲದ, ಗದ್ದಲ ಬೇಡವೆನ್ನುವ ಇಬ್ಬರಿಗೆ ನಾನು ಪೂರ್ವದ ತವೀರಾವನ್ನೇ ಹೇಳುತ್ತೇನೆ. ಫಾರೋದಲ್ಲಿ ಸ್ಥಳೀಯ ರೈಲಿಗೆ ಬದಲಿಸಿದರೆ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ಜಿಲಾಂವ್ ನದಿಯ ಎರಡೂ ದಡಕ್ಕೆ ಹರಡಿದ ಬಿಳಿ ಮನೆಗಳ ಊರು, ನಡೆದೇ ಸುತ್ತಬಹುದಾದಷ್ಟು ಚಿಕ್ಕದು. ಊರಂಚಿನ ಉಪ್ಪಿನ ಆಗರಗಳಲ್ಲಿ ಬಿಳಿ ರಾಶಿಗಳ ನಡುವೆ ರಾಜಹಂಸಗಳು ಮೇಯುತ್ತಿರುತ್ತವೆ. ಗೋಕರ್ಣದ ಬಳಿಯ ಸಾಣಿಕಟ್ಟೆಯನ್ನು ನೋಡಿದವರಿಗೆ ಮಡಿಗಳ ಲೆಕ್ಕಾಚಾರ ಕೂಡಲೇ ಗುರುತಿಗೆ ಸಿಗುತ್ತದೆ.

ತವೀರಾ ದ್ವೀಪದ ಮರಳದಂಡೆಗೆ ದೋಣಿಯಲ್ಲೇ ಹೋಗಬೇಕು. ಊರಿನಿಂದ ಸುಮಾರು ಎರಡು ಕಿಲೋಮೀಟರ್ ದೂರದ ಕ್ವಾತ್ರು ಆಗ್ವಾಶ್ ಕಟ್ಟೆಯಿಂದ ದೋಣಿ ಹೊರಡುತ್ತದೆ, ಬೇಸಿಗೆಯಲ್ಲಿ ಊರಿನೊಳಗಿನಿಂದಲೂ ಉಂಟು. ಮರಳಿಗೆ ಕಾಲಿಡುವ ಮೊದಲು ಕೊನೆಯ ದೋಣಿಯ ಹೊತ್ತನ್ನು ಕೇಳಿಕೊಳ್ಳಿ. ಇದೇ ದ್ವೀಪದ ಪಶ್ಚಿಮದ ಬರ‍್ರೀಲ್ ದಂಡೆಗೆ ಪೆದ್ರಾಶ್ ದೆಲ್ ರೇಯಿಂದ ಜೌಗಿನ ಮೇಲೆ ಸಾಗುವ ಪುಟ್ಟ ರೈಲಿದೆ. ಅಲ್ಲಿ ಹಿಂದೆ ಟ್ಯೂನಾ ಮೀನುಗಾರರ ಬಿಡಾರವಿತ್ತು. ಮೀನು ಬರುವುದು ನಿಂತ ಮೇಲೆ ಅವರು ಬಿಟ್ಟುಹೋದ ನೂರಾರು ಕಬ್ಬಿಣದ ಲಂಗರುಗಳು ತುಕ್ಕು ಹಿಡಿದು ಮರಳುದಿಬ್ಬದಲ್ಲಿ ಸಾಲಾಗಿ ನಿಂತಿವೆ. ಒಂದು ಶನಿವಾರ ಓಲ್ಯಾಂವ್ ಊರಿಗೆ ಹೋಗಿ, ನೀರಂಚಿನ ಕೆಂಪು ಇಟ್ಟಿಗೆಯ ಎರಡು ಮಾರುಕಟ್ಟೆಗಳನ್ನು ನೋಡಿಕೊಂಡು, ಮೋಟಾರು ವಾಹನದ ಸದ್ದಿಲ್ಲದ ಕುಲಾತ್ರಾ ದ್ವೀಪಕ್ಕೆ ದೋಣಿ ಹಿಡಿಯಬಹುದು.

ಪಶ್ಚಿಮದ ಬಂಡೆಗಳನ್ನು ನೋಡದೆ ಬರಲು ಮನಸ್ಸಾಗದಿದ್ದರೆ ಫಾರೋದಿಂದ ಒಂದು ದಿನಕ್ಕೆ ಕಾರು ಬಾಡಿಗೆಗೆ ಪಡೆಯಿರಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಕೈಯಲ್ಲಿರಲಿ. ಅಲ್ಲಿ ಬಲಬದಿಯ ಸಂಚಾರ. ಅಲ್ಗಾರ್ವ್ ಉದ್ದಕ್ಕೂ ಸಾಗುವ ಎ22 ಹೆದ್ದಾರಿಗೆ 2025ರ ಜನವರಿಯಿಂದ ಸುಂಕವಿಲ್ಲ. ಬೆನಾಜಿಲ್ ಗುಹೆಯೊಳಗಿನ ಮರಳಿನ ಮೇಲೆ ಇಳಿಯುವುದನ್ನೂ ಅಲ್ಲಿಗೆ ಈಜಿಹೋಗುವುದನ್ನೂ 2024ರಲ್ಲಿ ನಿಷೇಧಿಸಿದ್ದರಿಂದ, ಹಳೆಯ ಚಿತ್ರಗಳಲ್ಲಿ ಕಂಡಂತೆ ಒಳಗೆ ನಿಂತು ಫೋಟೋ ತೆಗೆಯುವಂತಿಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ಮರೀನ್ಯಾ ದಂಡೆಯಿಂದ ಬಂಡೆಯಂಚಿನಲ್ಲೇ ಸುಮಾರು ಆರು ಕಿಲೋಮೀಟರ್ ಸಾಗುವ ಏಳು ತೂಗುಕಣಿವೆಗಳ ಕಾಲುದಾರಿ ಮೇಲು. ಬಂಡೆಯ ಬುಡದ ನೆರಳಿನಲ್ಲಿ ಮಾತ್ರ ಮಲಗಬೇಡಿ. 2009ರಲ್ಲಿ ಅಲ್ಬುಫೇರಾದ ಒಂದು ದಂಡೆಯಲ್ಲಿ ಬಂಡೆ ಕುಸಿದು ಐವರು ಸತ್ತರು. ಕೆಂಪು ಬಾವುಟವಿದ್ದರೆ ನೀರಿಗಿಳಿಯುವಂತಿಲ್ಲ, ಹಳದಿಯಿದ್ದರೆ ಈಜುವಂತಿಲ್ಲ, ನೀಲಿ-ಬಿಳಿ ಚೌಕುಳಿಯಿದ್ದರೆ ಆ ಹೊತ್ತಿಗೆ ಜೀವರಕ್ಷಕರಿಲ್ಲ ಎಂದರ್ಥ.

ಊಟದ ಮೇಜಿಗೆ ಕೇಳದೆಯೇ ಬರುವ ಬ್ರೆಡ್ಡು, ಆಲಿವ್, ಚೀಸು ಉಚಿತವಲ್ಲ; ಬೇಡವಾದರೆ ಮುಟ್ಟದೆ ಹಿಂದಿರುಗಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಇಡೀ ಮೀನಿನ ಬೆಲೆ ಬಹುತೇಕ ಕಿಲೋ ಲೆಕ್ಕದ್ದು, ಆದ್ದರಿಂದ ಸುಡುವ ಮೊದಲೇ ತೂಕ ಕೇಳಿಕೊಳ್ಳಬೇಕು. ಸಸ್ಯಾಹಾರಿಗಳು “ಸೆಂ ಕಾರ್ನೆ, ಸೆಂ ಪೇಯ್ಶೆ” ಎಂದು ಎರಡನ್ನೂ ಹೇಳಬೇಕು, ಮಾಂಸ ಬೇಡವೆಂದಷ್ಟೇ ಹೇಳಿದರೆ ಮೀನು ಬರುವುದುಂಟು. ಹಸಿರು ಸೊಪ್ಪಿನ ಕಾಲ್ದು ವೆರ್ದೆ ಸಾರು ಸಸ್ಯಾಹಾರದಂತೆ ಕಂಡರೂ ಅದರಲ್ಲಿ ಸಾಮಾನ್ಯವಾಗಿ ಹಂದಿಮಾಂಸದ ಸಾಸೇಜಿನ ಒಂದು ತುಣುಕು ಮುಳುಗಿರುತ್ತದೆ. ಐದು ರಾತ್ರಿಯೂ ಹೊರಗೇ ಉಣ್ಣುವ ಬದಲು ತವೀರಾದಲ್ಲಿ ಅಡುಗೆಮನೆಯಿರುವ ಕೋಣೆ ಹಿಡಿದರೆ, ಅಕ್ಕಿ, ಟೊಮೆಟೊ, ಕೊತ್ತಂಬರಿ ಸೊಪ್ಪು ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಪೋರ್ಚುಗೀಸರೂ ಕೊತ್ತಂಬರಿಯನ್ನು ಧಾರಾಳವಾಗಿಯೇ ಬಳಸುವವರು.

ಮರಳುವ ವಿಮಾನ ಲಿಸ್ಬನ್ನಿನಿಂದಾದರೆ ಹಿಂದಿನ ದಿನವೇ ತವೀರಾ ಬಿಟ್ಟು ಒಂದು ರಾತ್ರಿ ನಗರದಲ್ಲಿ ತಂಗಿ. ಫಾರೋದಿಂದಲೇ ಯುರೋಪಿನ ಹಲವು ನಗರಗಳಿಗೆ ವಿಮಾನಗಳಿರುವುದರಿಂದ, ಲಿಸ್ಬನ್ನಿಗೆ ಇಳಿದು ಫಾರೋದಿಂದ ಏರುವ ಟಿಕೆಟ್ಟಿನ ಬೆಲೆಯನ್ನೂ ಮೊದಲೇ ಹೋಲಿಸಿ ನೋಡಿದರೆ ಆ ಒಂದು ರಾತ್ರಿ ಕಡಲಿಗೇ ಉಳಿಯಬಹುದು. ರೈಲನ್ನು ನೆಚ್ಚಿಕೊಂಡವರು ಒಂದು ಪದವನ್ನು ಗುರುತಿಟ್ಟುಕೊಳ್ಳಬೇಕು: ನಿಲ್ದಾಣದ ಫಲಕದಲ್ಲಿ “ಗ್ರೆವ್” ಎಂದು ಕಂಡರೆ ಮುಷ್ಕರ ಎಂದರ್ಥ, ಆ ದಿನಕ್ಕೆ ಬಸ್ಸಿನ ಟಿಕೆಟ್ಟನ್ನು ಹಿಂದಿನ ಸಂಜೆಯೇ ತೆಗೆದುಕೊಳ್ಳಿ.