ಆಪ್ಟಿಮಿಸ್ಟ್ ದೋಣಿಗೆ ಬೇಗ ಹಾಯಿ ಕಟ್ಟುವುದು ಹೇಗೆ?

ಹಾಯಿದೋಣಿ ಕಲಿಯುವ ಮಕ್ಕಳ ಸಮಯ ನೀರಿನಲ್ಲಿ ಕಳೆಯಬೇಕು, ಅಲ್ವಾ? ಆದರೆ ಅರ್ಧ ಹೊತ್ತು ದಡದಲ್ಲೇ ಹೋಗುತ್ತದೆ. ಹಗ್ಗದ ಸಿಕ್ಕು ಬಿಡಿಸಬೇಕು, ಬಿಚ್ಚಿದ ಗಂಟನ್ನೇ ಮತ್ತೆ ಹಾಕಬೇಕು. ಅಷ್ಟರಲ್ಲಿ ಒಳ್ಳೆಯ ಗಾಳಿ ಬಿದ್ದುಹೋಗಿರುತ್ತದೆ.

ಮಕ್ಕಳು ಸಾಮಾನ್ಯವಾಗಿ ಕಲಿಯುವುದು ಆಪ್ಟಿಮಿಸ್ಟ್ ದೋಣಿಯಲ್ಲಿ. ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ 1947ರಲ್ಲಿ ರೂಪಿಸಿದ ದೋಣಿ ಇದು. ಉದ್ದ ಸುಮಾರು 2.3 ಮೀಟರ್, ಒಡಲಿನ ತೂಕ 35 ಕೆ.ಜಿ. 15 ವರ್ಷದವರೆಗಿನ ಮಕ್ಕಳು ಇದರಲ್ಲಿ ರೇಸ್ ಮಾಡುತ್ತಾರೆ. ಹೈದರಾಬಾದಿನ ಹುಸೇನ್ ಸಾಗರದಲ್ಲೂ ಮಕ್ಕಳು ಓಡಿಸುವುದು ಇದನ್ನೇ. ಇದಕ್ಕೆ ಮೂರು ಕೋಲುಗಳಿವೆ. ನೆಟ್ಟಗೆ ನಿಲ್ಲುವುದು ಮಾಸ್ಟ್. ಹಾಯಿಯ ಕೆಳಗೆ ಅಡ್ಡ ಇರುವುದು ಬೂಮ್. ಹಾಯಿಯ ಮೇಲಿನ ಹೊರಮೂಲೆಯನ್ನು ಓರೆಯಾಗಿ ಎತ್ತಿ ಹಿಡಿಯುವುದು ಸ್ಪ್ರಿಟ್.

ಕಟ್ಟಿದ್ದನ್ನು ಬಿಚ್ಚಬೇಡಿ

ಜಾಸ್ತಿ ಹೊತ್ತು ತಿನ್ನುವುದು ಹಾಯಿಯ ಅಂಚಿನ ಪುಟ್ಟ ದಾರಗಳು. ಹಾಯಿಯನ್ನು ಮಾಸ್ಟ್‌ಗೂ ಬೂಮ್‌ಗೂ ಹಿಡಿದಿಡುವುದು ಇವೇ. ಪ್ರತಿ ಸಲ ಇವನ್ನು ಬಿಚ್ಚಿ ಕಟ್ಟುವುದು ಸುಮ್ನೆ ವ್ಯರ್ಥ. ಗಾಳಿಯಿಲ್ಲದ ಹೊತ್ತಿನಲ್ಲಿ ಹುಲ್ಲಿನ ಮೇಲೆ ಎಲ್ಲವನ್ನೂ ಹರಡಿಕೊಳ್ಳಿ. ಒಂದೇ ಸಲ ನಿಧಾನವಾಗಿ, ಸರಿಯಾಗಿ ಕಟ್ಟಿ, ಹಾಗೇ ಬಿಡಿ.

ಮೊದಲು ಮೂಲೆಗಳ ದಾರ ಕಟ್ಟಿ. ಹಾಯಿಯ ಎಳೆತವೆಲ್ಲ ಅಲ್ಲೇ ಬೀಳುವುದರಿಂದ ಹಿಗ್ಗದ ದಾರ ಬೇಕು. ಡೈನೀಮಾ ಒಳ್ಳೆಯದು. ನೈಲಾನ್ ನೆನೆದರೆ ಹಿಗ್ಗುತ್ತದೆ, ಅದು ಬೇಡ. ಆಮೇಲೆ ನಡುವಿನವನ್ನು ಎರಡು ಸುತ್ತು ತಂದು ರೀಫ್ ಗಂಟು (ಒಮ್ಮೆ ಎಡದ ತುದಿ ಬಲದ ಮೇಲೆ, ಮತ್ತೆ ಬಲದ ತುದಿ ಎಡದ ಮೇಲೆ) ಹಾಕಿ. ಹಾಯಿಗೂ ಕೋಲಿಗೂ ನಡುವೆ 10 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು ಎಂಬುದು ರೇಸ್ ನಿಯಮ. ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದೆಯೇ ಎಂದು ಕಣ್ಣು ಹಾಯಿಸಿ ನೋಡಿ.

ದಿನದ ಆಟ ಮುಗಿದ ಮೇಲೆ ಸ್ಪ್ರಿಟ್ ಮಾತ್ರ ಕಳಚಿ. ಬೂಮನ್ನು ಮಾಸ್ಟ್‌ನ ಪಕ್ಕಕ್ಕೆ ತನ್ನಿ. ಹಾಯಿಯನ್ನು ಸಡಿಲವಾಗಿ ಸುತ್ತಿ, ಒಳಗಿನ ಬ್ಯಾಟನ್ ಪಟ್ಟಿಗಳು ಬಾಗದಂತೆ ಉದ್ದನೆಯ ಚೀಲಕ್ಕೆ ಹಾಕಿ. ಸಮುದ್ರದಲ್ಲಿ ಓಡಿಸಿದ್ದರೆ ಮೊದಲು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ತಿಂಗಳುಗಟ್ಟಲೆ ಓಡಿಸುವುದಿಲ್ಲ ಎಂದಾದರೆ ಮಾತ್ರ ಹಾಯಿಯನ್ನು ಪೂರ್ತಿ ಬಿಚ್ಚಿಡಿ.

ಹಗ್ಗಗಳಿಗೆ ಗುರುತು

ಹಾಯಿ ಎಳೆಯುವ ಮುಖ್ಯ ಹಗ್ಗವನ್ನು ರಾಟೆಗಳಿಂದ ಹೊರಗೆ ತೆಗೆಯಬೇಡಿ. ಬೂಮ್‌ಗೆ ಸೇರುವ ಕಡೆ ಒಂದು ಸ್ನ್ಯಾಪ್ ಕೊಂಡಿ ಇದ್ದರೆ ಸಾಕು. ಸಿಕ್ಕಿಸಿದರೆ ಮುಗಿಯಿತು. ಹಗ್ಗದ ತುದಿಗೆ ಎಂಟರಾಕಾರದ ಗಂಟು ಇರಲಿ, ರಾಟೆಯಿಂದ ಜಾರಿಹೋಗುವುದಿಲ್ಲ.

ಬೂಮ್ ಮೇಲೇಳದಂತೆ ಹಿಡಿಯುವ ಹಗ್ಗಕ್ಕೆ, ಹಾಯಿಯ ಕೆಳಮೂಲೆ ಎಳೆಯುವ ಹಗ್ಗಕ್ಕೆ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿ. ಮೆಲ್ಲನೆ ಗಾಳಿಗೆ ಒಂದು, ಜೋರು ಗಾಳಿಗೆ ಇನ್ನೊಂದು. ಹೀಗೆ ಮಾಡಿದರೆ ಎಷ್ಟು ಎಳೆಯಬೇಕೆಂದು ಮಗು ದೊಡ್ಡವರನ್ನು ಕೇಳಬೇಕಾಗಿಲ್ಲ. ಇದು ನನಗೆ ತುಂಬ ಮುಖ್ಯ. ತನ್ನ ದೋಣಿಯನ್ನು ತಾನೇ ಸಜ್ಜು ಮಾಡುವ ಮಗು ನೀರಿನಲ್ಲಿ ಏನಾದರೂ ಕಳಚಿದರೂ ಹೆದರುವುದಿಲ್ಲ. ಸ್ಪ್ರಿಟ್ ಹಗ್ಗದ ತುದಿಯಲ್ಲೂ ಕೈ ತೂರುವಷ್ಟು ಕುಣಿಕೆ ಕಟ್ಟಿಕೊಡಿ. ಚಿಕ್ಕ ಕೈಗಳಿಗೆ ಬರೀ ಹಗ್ಗ ಹಿಡಿದು ಎಳೆಯುವುದು ಕಷ್ಟ.

ದಡದಲ್ಲಿ ಯಾವುದು ಮೊದಲು?

ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ. ಮೊದಲು ಒಳಗಿನ ಮೂರು ಗಾಳಿಚೀಲಗಳನ್ನು ಒತ್ತಿ ನೋಡಿ. ದೋಣಿ ಮಗುಚಿದರೆ ಮುಳುಗದಂತೆ ತಡೆಯುವುದು ಅವೇ. ಆಮೇಲೆ ಮಾಸ್ಟ್ ನಿಲ್ಲಿಸಿ, ಕೂಡಲೇ ಅದರ ಕ್ಲಾಂಪ್ ಬಿಗಿ ಮಾಡಿ. ಎಷ್ಟೇ ಅವಸರವಿದ್ದರೂ ಇದನ್ನು ಬಿಡುವಂತಿಲ್ಲ. ಕ್ಲಾಂಪ್ ಇಲ್ಲದ ದೋಣಿ ಮಗುಚಿದಾಗ ಮಾಸ್ಟ್ ತಳದಿಂದ ಕಳಚಿ ಒಡಲನ್ನೇ ಸೀಳಬಹುದು. ನಂತರ ಮುಖ್ಯ ಹಗ್ಗದ ಕೊಂಡಿ. ಸ್ಪ್ರಿಟ್ ಏರಿಸುವುದು ಅದಾದ ಮೇಲೆ, ಏಕೆಂದರೆ ಅದು ಏರಿದೊಡನೆ ಹಾಯಿ ಗಾಳಿ ಹಿಡಿದು ಬಡಿದಾಡತೊಡಗುತ್ತದೆ. ಬೂಮ್ ಮೇಲೇಳದಂತೆ ಹಿಡಿಯುವ ಹಗ್ಗವನ್ನು ಗುರುತಿನವರೆಗೆ ಎಳೆದರೆ ಹಾಯಿ ಸಿದ್ಧ.

ಚುಕ್ಕಾಣಿಯನ್ನೂ ಡ್ಯಾಗರ್ ಬೋರ್ಡನ್ನೂ (ದೋಣಿ ಪಕ್ಕಕ್ಕೆ ಜಾರದಂತೆ ನಡುವಿನಿಂದ ನೀರಿಗೆ ಇಳಿಸುವ ಹಲಗೆ) ನೀರಿನ ಅಂಚಿಗೆ ಬಂದ ಮೇಲೆ ಹಾಕಿದರೆ ಸಾಕು. ಡ್ಯಾಗರ್ ಬೋರ್ಡ್‌ನ ಎಲಾಸ್ಟಿಕ್ ಮಾತ್ರ ದೋಣಿಗೆ ಮೊದಲೇ ಕಟ್ಟಿರಲಿ. ನೀರು ಚೆಲ್ಲುವ ಡಬ್ಬ ದಾರದಿಂದ ದೋಣಿಗೆ ಕಟ್ಟಿರಬೇಕು. ದೋಣಿಯನ್ನು ಎಳೆದೊಯ್ಯಲು ಮುಂಭಾಗದಲ್ಲಿ ಕಟ್ಟುವ ಹಗ್ಗ ತೇಲುವಂಥದ್ದಾಗಿರಬೇಕು. ಅದು ಕನಿಷ್ಠ 5 ಮಿ.ಮೀ. ದಪ್ಪ, 8 ಮೀಟರ್ ಉದ್ದ ಇರಬೇಕೆಂದು ನಿಯಮ ಹೇಳುತ್ತದೆ. ಲೈಫ್ ಜಾಕೆಟ್ ಹಾಕದೆ ಮಗು ದೋಣಿ ಹತ್ತಬಾರದು.

ಹೊರಟ ಮೇಲೆ ಹಾಯಿಯತ್ತ ಒಮ್ಮೆ ನೋಡಲು ಹೇಳಿ. ಮಾಸ್ಟ್ ತುದಿಯ ಮೂಲೆಯಿಂದ ಬೂಮ್‌ನ ಹಿಂದಿನ ತುದಿಗೆ ಸುಕ್ಕು ಬಿದ್ದಿದ್ದರೆ ಸ್ಪ್ರಿಟ್ ಸಡಿಲವಾಗಿದೆ ಎಂದರ್ಥ, ಇನ್ನಷ್ಟು ಎಳೆಯಬೇಕು. ಮೇಲಿನ ಹೊರಮೂಲೆಯಿಂದ ಮಾಸ್ಟ್‌ನ ಬುಡದ ಕಡೆಗೆ ಸುಕ್ಕಿದ್ದರೆ ಸ್ಪ್ರಿಟ್ ಎಳೆತ ಅತಿಯಾಗಿದೆ, ಸ್ವಲ್ಪ ಸಡಿಲಿಸಬೇಕು. ಗಾಳಿ ಬದಲಾದಾಗಲೆಲ್ಲ ಇದನ್ನು ನೋಡಿಕೊಂಡರೆ ಆಯಿತು.