ಸಸಿ ಆಮೇಲೆ, ಮೊದಲು ಕಸದ ಬುಟ್ಟಿ

ಶಾಲೆಯಲ್ಲಿ ಪರಿಸರದ ಕೆಲಸ ಅಂದರೆ ಎಲ್ಲರಿಗೂ ನೆನಪಾಗುವುದು ಜೂನ್ 5. ಅತಿಥಿಗಳು ಬರುತ್ತಾರೆ, ಸಸಿ ನೆಡುತ್ತಾರೆ, ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಮುಂದಿನ ರಜೆ ಮುಗಿಸಿ ಬಂದು ನೋಡಿದರೆ ಸಸಿ ಇದ್ದಲ್ಲಿ ಒಣಕಡ್ಡಿ. ನೆಡುವುದಕ್ಕೆ ಬೇಕಾದಷ್ಟು ಜನ ಇದ್ದರು. ನೀರು ಹಾಕುವವರು ಯಾರು ಅಂತ ಯಾರೂ ಕೇಳಿರಲಿಲ್ಲ, ಅಲ್ವಾ?

ಸಸಿ ನೆಡಬೇಡಿ ಅಂತಲ್ಲ. ಅದನ್ನು ಕೊನೆಗಿಡಿ. ಮೊದಲು ನಿಮ್ಮ ಶಾಲೆ ಏನನ್ನು ಹಾಳು ಮಾಡುತ್ತಿದೆ, ಎಷ್ಟು ಮಾಡುತ್ತಿದೆ ಅಂತ ಅಳೆಯಿರಿ.

ತಂಡ ಚಿಕ್ಕದಿರಲಿ

ಹಲವು ದೇಶಗಳಲ್ಲಿ ನಡೆಯುತ್ತಿರುವ ‘ಇಕೋ-ಸ್ಕೂಲ್ಸ್’ ಕಾರ್ಯಕ್ರಮ 1994ರಲ್ಲಿ ಶುರುವಾದದ್ದು. ಅದರ ಏಳು ಹೆಜ್ಜೆಗಳಲ್ಲಿ ಮೊದಲನೆಯದು ಸಮಿತಿ ಕಟ್ಟುವುದು, ಎರಡನೆಯದು ಶಾಲೆಯ ಸ್ಥಿತಿ ಪರಿಶೀಲಿಸುವುದು. ಈ ಕ್ರಮ ಸರಿಯಾಗಿದೆ. ಎಂಟು ಹತ್ತು ಮಕ್ಕಳು, ಒಬ್ಬಿಬ್ಬರು ಶಿಕ್ಷಕರು ಸಾಕು. ಜೊತೆಗೆ ಶಾಲೆ ಗುಡಿಸುವವರನ್ನು ಕೂರಿಸಿಕೊಳ್ಳಲೇಬೇಕು. ಯಾವ ತರಗತಿಯಿಂದ ಯಾವ ಕಸ ಜಾಸ್ತಿ ಬರುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಮುಖ್ಯ ಶಿಕ್ಷಕರಿಗೂ ಗೊತ್ತಿರುವುದಿಲ್ಲ. ಬರೀ ಮೊದಲ ಬೆಂಚಿನವರನ್ನೇ ಆರಿಸಬೇಡಿ. ಹಿಂದಿನ ಬೆಂಚಿನ ಒಬ್ಬ ತುಂಟ ಇದ್ದರೆ ಕೆಲಸ ಬೇಗ ಸಾಗುತ್ತದೆ.

ಕಸ ಸುರಿಯಿರಿ, ತೂಗಿರಿ

ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆ, ಕೈಗವಸು, ಒಂದು ತಕ್ಕಡಿ. ಇಷ್ಟೇ ಸಾಮಾನು. ಶಾಲೆ ಬಿಟ್ಟ ಮೇಲೆ ಆ ದಿನದ ಕಸವನ್ನೆಲ್ಲ ಹಾಳೆಯ ಮೇಲೆ ಸುರಿಯಿರಿ. ಹಸಿ ಕಸ, ಕಾಗದ, ಪ್ಲಾಸ್ಟಿಕ್, ಉಳಿದದ್ದು ಅಂತ ನಾಲ್ಕು ಗುಡ್ಡೆ ಮಾಡಿ ಒಂದೊಂದನ್ನೂ ತೂಗಿ ಬರೆದಿಡಿ. ಶೌಚಾಲಯದ ಕಸ ಇದರಲ್ಲಿ ಸೇರಬಾರದು. ಒಡೆದ ಗಾಜು, ಬ್ಲೇಡು ಕಂಡರೆ ದೊಡ್ಡವರು ತೆಗೆಯಬೇಕು, ಮಕ್ಕಳಲ್ಲ. ಹೀಗೆ ಐದು ದಿನ ಮಾಡಿ. ಒಂದೇ ದಿನದ ಲೆಕ್ಕ ನಂಬುವ ಹಾಗಿಲ್ಲ.

ಕಾಗದದ ಗುಡ್ಡೆಯನ್ನು ಸ್ವಲ್ಪ ಕೆದಕಿ ನೋಡಿ. ಪೆನ್ಸಿಲ್ ಹೊಟ್ಟಿನ ನಡುವೆ ಮುದುಡಿದ ಹಾಳೆಗಳು ಸಿಗುತ್ತವೆ. ಬಿಡಿಸಿದರೆ ಎರಡು ಸಾಲು ಬರೆದು ಕಾಟು ಹಾಕಿರುತ್ತಾರೆ, ಹಿಂಬದಿ ಪೂರ್ತಿ ಖಾಲಿ. ಅಂಥವನ್ನು ಮಕ್ಕಳೇ ಎಣಿಸಲಿ. ಕಾಗದ ಉಳಿಸಿ ಅಂತ ಅರ್ಧ ಗಂಟೆ ಭಾಷಣ ಮಾಡುವುದಕ್ಕಿಂತ ಆ ಎಣಿಕೆ ಜಾಸ್ತಿ ಕೆಲಸ ಮಾಡುತ್ತದೆ.

ತೊಟ್ಟಿಕ್ಕುವ ನಲ್ಲಿಯ ಕೆಳಗೆ 200 ಮಿಲಿಲೀಟರಿನ ಲೋಟ ಇಟ್ಟು ಗಡಿಯಾರ ನೋಡಿ. ಅರ್ಧ ಗಂಟೆಯಲ್ಲಿ ತುಂಬಿತು ಅಂದುಕೊಳ್ಳಿ. ದಿನಕ್ಕೆ 9.6 ಲೀಟರ್, 30 ದಿನಕ್ಕೆ 288 ಲೀಟರ್ ಸುಮ್ನೆ ಹರಿದುಹೋಯಿತು. ಎಷ್ಟೋ ಸಲ ಇದಕ್ಕೆ ಒಂದು ವಾಷರ್ ಬದಲಿಸಿದರೆ ಸಾಕು.

ಕರೆಂಟ್ ಲೆಕ್ಕವೂ ಹೀಗೇ. 75 ವಾಟಿನ ಹತ್ತು ಫ್ಯಾನು ಊಟದ ಬಿಡುವಿನಲ್ಲಿ ಒಂದು ಗಂಟೆ ಖಾಲಿ ಕೋಣೆಗೆ ಗಾಳಿ ಹಾಕಿದರೆ ಮುಕ್ಕಾಲು ಯೂನಿಟ್ ಹೋಯಿತು.

ಪಾಠದೊಳಗೇ ಸೇರಿಸಿ

“ಪೋರ್ಷನ್ನೇ ಮುಗಿಯುತ್ತಿಲ್ಲ, ಇದೊಂದು ಬೇರೆ” ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ಬಂದೇ ಬರುತ್ತದೆ. ಅದರಲ್ಲಿ ತಪ್ಪಿಲ್ಲ. ಹಾಗಾಗಿ ಇದಕ್ಕೆ ಬೇರೆ ಪಿರಿಯಡ್ ಕೇಳಬೇಡಿ. ಸರಾಸರಿ, ಸ್ತಂಭಾಲೇಖ ಕಲಿಸುವಾಗ ಪುಸ್ತಕದ ಲೆಕ್ಕದ ಬದಲು ಐದು ದಿನದ ಕಸದ ತೂಕ ಕೊಡಿ. ವಿಸ್ತೀರ್ಣದ ಪಾಠಕ್ಕೆ ಶಾಲೆಯ ಚಾವಣಿ ಅಳೆಸಿ: 100 ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ಪತ್ರಲೇಖನಕ್ಕೆ ಸೋರುವ ನಲ್ಲಿಯ ದೂರು ಬರೆಸಿ. ಆ ಪತ್ರವನ್ನು ನಿಜವಾಗಿಯೂ ಮುಖ್ಯ ಶಿಕ್ಷಕರಿಗೆ ಕೊಡಿ.

ಒಂದೇ ಒಂದು ಗುರಿ

ಲೆಕ್ಕ ಕೈಗೆ ಬಂದಾಗ ಎಲ್ಲವನ್ನೂ ಸರಿ ಮಾಡಿಬಿಡೋಣ ಅನ್ನಿಸುತ್ತದೆ. ಬೇಡ, ಒಂದನ್ನು ಹಿಡಿಯಿರಿ. ‘ಪರಿಸರ ಉಳಿಸೋಣ’ ಅನ್ನುವುದು ಗೋಡೆಬರಹ, ಗುರಿಯಲ್ಲ. ‘ಎರಡು ತಿಂಗಳಲ್ಲಿ ಕಾಗದದ ಕಸ ಅರ್ಧಕ್ಕೆ ಇಳಿಯಬೇಕು’ ಅನ್ನುವುದು ಗುರಿ. ಅದಕ್ಕೆ ಪ್ರತಿ ತರಗತಿಗೂ ಒಂದು ರಟ್ಟಿನ ಡಬ್ಬಿ ಇಟ್ಟು, ಒಂದು ಬದಿ ಖಾಲಿ ಇರುವ ಹಾಳೆ ಅಲ್ಲಿಗೇ ಹೋಗುವಂತೆ ನೋಡಿಕೊಳ್ಳಿ. ತುಂಬಿದಾಗ ಹೊಲಿದರೆ ರಫ್ ಪುಸ್ತಕ ಸಿದ್ಧ.

ಹಸಿ ಕಸ ಜಾಸ್ತಿ ಇದ್ದರೆ ಗೊಬ್ಬರ ಮಾಡಿ. ತೂತು ಕೊರೆದ ಡ್ರಮ್ಮಿಗೆ ಒಂದು ಪಾಲು ಹಸಿ ಕಸ, ಎರಡು ಮೂರು ಪಾಲು ಒಣ ಎಲೆ, ಪದರ ಪದರವಾಗಿ ಹಾಕಿ. ವಾರಕ್ಕೊಮ್ಮೆ ಕೆಳಗಿನದು ಮೇಲೆ ಬರುವಂತೆ ಕದಡಿ. ಕೈಗವಸು ಹಾಕಿ ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಾಗಿ ಇಳಿಯಬಾರದು. ಗಬ್ಬು ನಾರುತ್ತಿದ್ದರೆ ನೀರು ಜಾಸ್ತಿ, ಗಾಳಿ ಕಮ್ಮಿ ಅಂತ ಅರ್ಥ. ಇನ್ನಷ್ಟು ಒಣ ಎಲೆ ಹಾಕಿ ಕದಡಿ. ಡ್ರಮ್ಮು ತುಂಬುತ್ತಾ ಬಂದಾಗ ಕೆದಕಿದರೆ ಒಳಗಿನಿಂದ ಬೆಚ್ಚನೆ ಹಬೆ ಏಳಬಹುದು. ಸೂಕ್ಷ್ಮಜೀವಿಗಳು ಕಸ ತಿನ್ನುವಾಗ ಹುಟ್ಟುವ ಶಾಖ ಅದು. ಕೊಳೆಯುವುದು ಅಂದರೇನು ಅಂತ ಆಮೇಲೆ ಬೋರ್ಡಿನ ಮೇಲೆ ಹೆಚ್ಚು ಬರೆಯಬೇಕಾಗುವುದಿಲ್ಲ. ಕೆಲವು ತಿಂಗಳಲ್ಲಿ ಕಪ್ಪಗೆ, ಪುಡಿಪುಡಿಯಾಗಿ, ಮಣ್ಣಿನ ವಾಸನೆ ಬಂದರೆ ಗೊಬ್ಬರ ಆಯಿತು.

ಮತ್ತೆ ತೂಗಿ

ಎರಡು ತಿಂಗಳಾದ ಮೇಲೆ ಅದೇ ತಕ್ಕಡಿ, ಅದೇ ಐದು ದಿನ. ಹಳೆಯ ಅಂಕಿ ಪಕ್ಕ ಹೊಸದನ್ನು ಎಲ್ಲರಿಗೂ ಕಾಣುವ ಕಡೆ ಬರೆಯಿರಿ. ಕಸ ಇಳಿಯದಿದ್ದರೆ ಅದನ್ನೂ ಬರೆಯಿರಿ. ಯಾಕೆ ಇಳಿಯಲಿಲ್ಲ ಅಂತ ಮಕ್ಕಳನ್ನೇ ಕೇಳಿ. ಡಬ್ಬಿ ಬಾಗಿಲಿನಿಂದ ದೂರ ಇತ್ತು ಅನ್ನುವಂಥ ಸರಳ ಕಾರಣ ಸಿಗಬಹುದು. ತಂಡದಲ್ಲಿ ಕೆಳಗಿನ ತರಗತಿಯವರು ಅರ್ಧದಷ್ಟಾದರೂ ಇರಲಿ. ಇಲ್ಲವಾದರೆ ದೊಡ್ಡವರು ಪರೀಕ್ಷೆ ಬರೆದು ಹೋದ ದಿನವೇ ಕೆಲಸವೂ ನಿಲ್ಲುತ್ತದೆ.

ಈಗ ಸಸಿಗೆ ಬನ್ನಿ. ಗೊಬ್ಬರ ನಿಮ್ಮದೇ ಇದೆ. ಗುಂಡಿ ತೋಡುವ ಮೊದಲು ರಜೆಯ ವಾರಗಳನ್ನು ಒಂದು ಹಾಳೆಯಲ್ಲಿ ಬರೆದು, ನೀರು ಹಾಕಲು ಬರುವವರ ಹೆಸರು ಕೇಳಿ. ಎರಡು ಸಸಿಗೆ ಆಗುವಷ್ಟೇ ಹೆಸರು ಬಂದರೆ, ಎರಡೇ ಗುಂಡಿ ತೋಡಿ.