ಸ್ಕೇಟ್‌ಬೋರ್ಡ್ ಕಲಿಯಬೇಕೇ? ಮೊದಲು ನೆಲ ನೋಡಿ

ಕಾಲಿಗೆ ಚಕ್ರ ಕಟ್ಟಿಕೊಂಡು ಓಡುವ ಮಕ್ಕಳು ಬೆಳಗಾವಿಗೆ ಹೊಸಬರಲ್ಲ. ರೋಲರ್ ಸ್ಕೇಟಿಂಗ್‌ನಲ್ಲಿ ಊರಿಗೆ ಒಳ್ಳೆಯ ಹೆಸರಿದೆ. ರಿಂಕ್ ಇದೆ, ಕಲಿಸುವವರಿದ್ದಾರೆ. ಸ್ಕೇಟ್‌ಬೋರ್ಡ್‌ಗೆ ಮಾತ್ರ ಇನ್ನೂ ಆ ನಸೀಬಿಲ್ಲ. ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ ಹುಡುಗನಿಗೆ ‘ಇದೇನ್ ತಮ್ಮಾ, ಆಟಾನೋ ಕಿಡಿಗೇಡಿತನಾನೋ?’ ಎಂದು ಕೇಳುವವರೇ ಜಾಸ್ತಿ. ಆಟವೇ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇದಕ್ಕೂ ಪದಕ ಬಂತು. ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ 13 ವರ್ಷ.

ಕಲಿಯಲು ಹೊರಟವರೆಲ್ಲ ಮೊದಲು ಬೋರ್ಡ್ ಹುಡುಕುತ್ತಾರೆ. ನನ್ನ ಕೇಳಿದರೆ ಮೊದಲು ಜಾಗ ಹುಡುಕಿ. ಬೋರ್ಡಿನ ಚಕ್ರ ಬಹಳ ಚಿಕ್ಕದು, ಸಾಮಾನ್ಯವಾಗಿ 50ರಿಂದ 54 ಮಿಲಿಮೀಟರ್. ಕಡಲೆಕಾಳಿನಷ್ಟು ಹರಳು ಅಡ್ಡ ಬಂದರೂ ಚಕ್ರ ಗಕ್ಕನೆ ನಿಲ್ಲುತ್ತದೆ. ನೀವು ನಿಲ್ಲುವುದಿಲ್ಲ, ಮುಂದಕ್ಕೆ ಹಾರುತ್ತೀರಿ. ನಮ್ಮ ಓಣಿಗಳ ಡಾಂಬರು ಒರಟು, ಬದಿಗೆ ಖಡಿ, ಮಳೆ ಬಿದ್ದರೆ ಕೆಂಪು ಮಣ್ಣೆಲ್ಲ ರಸ್ತೆ ಮೇಲೆ. ಅಪಾರ್ಟ್‌ಮೆಂಟ್ ಪಾರ್ಕಿಂಗ್, ಶಾಲೆಯ ಬಾಸ್ಕೆಟ್‌ಬಾಲ್ ಕೋರ್ಟ್, ಮದುವೆ ಇಲ್ಲದ ದಿನ ಮಂಗಲ ಕಾರ್ಯಾಲಯದ ಅಂಗಳ ಇಂಥವು ಒಳ್ಳೆಯವು. ಅನುಮತಿ ಕೇಳಿ, ಕಸಬರಿಗೆ ಹಿಡಿದುಕೊಂಡೇ ಹೋಗಿ. ಸಿಮೆಂಟ್ ನೆಲವಾದರೆ ಉತ್ತಮ. ನುಣುಪು ಟೈಲ್ಸ್ ಬೇಡ, ಜಾರುತ್ತದೆ.

ಜಾಗ ಸಿಕ್ಕ ಮೇಲೆ ಬೋರ್ಡ್

ಆಟಿಕೆ ಅಂಗಡಿಯ ಪ್ಲಾಸ್ಟಿಕ್ ಚಕ್ರದ ಬೋರ್ಡ್‌ಗೆ ದುಡ್ಡು ಹಾಕಬೇಡಿ. ಬೆರಳಿನಿಂದ ಚಕ್ರ ತಿರುಗಿಸಿ ನೋಡಿ. ಒಂದೆರಡು ಸುತ್ತಿಗೇ ನಿಂತರೆ ವಾಪಸ್ ಇಟ್ಟುಬಿಡಿ. ಒಳ್ಳೆಯ ಬೋರ್ಡ್ ಮೇಪಲ್ ಮರದ 7 ಪದರ ಅಂಟಿಸಿ ಮಾಡಿದ್ದಿರುತ್ತದೆ. ದೊಡ್ಡವರಿಗೆ 8 ಇಂಚಿನ ಆಸುಪಾಸು ಅಗಲ ಸಾಕು, ಚಿಕ್ಕ ಮಕ್ಕಳಿಗೆ ಇನ್ನೂ ಸ್ವಲ್ಪ ಕಡಿಮೆ. ಚಕ್ರದ ಗಟ್ಟಿತನವನ್ನು 99ಎ, 78ಎ ಎಂದು ಅಳೆಯುತ್ತಾರೆ. ಅಂಕಿ ಹೆಚ್ಚಿದಷ್ಟೂ ಚಕ್ರ ಗಟ್ಟಿ. ರಸ್ತೆಯಲ್ಲೂ ಓಡಿಸುವ ಆಸೆ ಇದ್ದರೆ 78ಎಯಿಂದ 87ಎ ಒಳಗಿನ ಮೆತ್ತನೆಯ ಚಕ್ರ ಹಾಕಿಸಿ. ನಡುಕ ಕಡಿಮೆ, ಸಣ್ಣ ಹರಳಿನ ಮೇಲೂ ದಾಟಿ ಹೋಗುತ್ತದೆ.

ಬೇರಿಂಗ್ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ಬೋರ್ಡಿನ ಚಕ್ರಕ್ಕೆ ಬಳಸುವುದು 608 ನಂಬರಿನದು, ಒಳಗೆ 8 ಮಿ.ಮೀ., ಹೊರಗೆ 22 ಮಿ.ಮೀ. ಇನ್‌ಲೈನ್ ಸ್ಕೇಟ್‌ಗೂ ಅದೇ ಹಾಕುತ್ತಾರೆ. ಕೆಟ್ಟರೆ ಆನ್‌ಲೈನ್ ಆರ್ಡರ್ ಮಾಡಿ ದಾರಿ ಕಾಯಬೇಕಿಲ್ಲ, ಸ್ಕೇಟಿಂಗ್ ಸಾಮಾನು ಮಾರುವವರ ಹತ್ತಿರ ಕೇಳಿ. ತಂಗಿಯದೋ ತಮ್ಮನದೋ ರೋಲರ್ ಸ್ಕೇಟಿಂಗ್ ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್, ಮೊಣಕಾಲಿನ ಪ್ಯಾಡ್ ಅಳತೆಗೆ ಸರಿಹೋದರೆ ಅವನ್ನೇ ಹಾಕಿಕೊಳ್ಳಿ. ಚಪ್ಪಲಿ ಬೇಡ, ಚಪ್ಪಟೆ ಅಟ್ಟೆಯ ಶೂ ಇರಲಿ.

ನಿಲ್ಲುವುದು, ನೂಕುವುದು

ಹುಲ್ಲಿನ ಮೇಲೋ ಮನೆಯ ಜಮಖಾನೆಯ ಮೇಲೋ ಬೋರ್ಡ್ ಇಟ್ಟು ಮೊದಲು ಸುಮ್ನೆ ನಿಲ್ಲಿ. ಚಕ್ರ ಅಲ್ಲಿ ಉರುಳುವುದಿಲ್ಲ. ಎಡಗಾಲು ಮುಂದಿದ್ದರೆ ರೆಗ್ಯುಲರ್, ಬಲಗಾಲು ಮುಂದಿದ್ದರೆ ಗೂಫಿ. ಎರಡೂ ಸರಿಯೇ. ನಿಮಗೆ ಯಾವುದೆಂದು ತಿಳಿಯದಿದ್ದರೆ ಸಾಕ್ಸ್ ಹಾಕಿಕೊಂಡು ನುಣುಪು ನೆಲದ ಮೇಲೆ ಓಡಿ ಬಂದು ಜಾರಿ ನೋಡಿ, ಯಾವ ಕಾಲು ಮುಂದೆ ಬರುತ್ತದೋ ಅದೇ ಮುಂದಿನ ಕಾಲು.

ಇನ್ನು ಸಿಮೆಂಟಿಗೆ ಬನ್ನಿ. ಮುಂದಿನ ಪಾದವನ್ನು ಮುಂದಿನ ಬೋಲ್ಟುಗಳ ಮೇಲೆ ಇಡಿ, ಬೆರಳು ಹೋಗುವ ದಿಕ್ಕಿಗೇ ಇರಲಿ. ಭಾರವೆಲ್ಲ ಆ ಕಾಲಿನ ಮೇಲೆ. ಆ ಮೊಣಕಾಲು ಬಗ್ಗಿಸಿದರೆ ಇನ್ನೊಂದು ಕಾಲು ತಾನಾಗಿಯೇ ನೆಲ ಮುಟ್ಟುತ್ತದೆ. ಬೋರ್ಡಿನ ಪಕ್ಕದಲ್ಲೇ ನೆಲವನ್ನು ಹಿಂದಕ್ಕೆ ತಳ್ಳಿ. ಆ ಕಾಲನ್ನು ಎತ್ತಿ ಹಿಂದಿನ ಬೋಲ್ಟುಗಳ ಮೇಲೆ ಅಡ್ಡಕ್ಕಿಡಿ, ಆಮೇಲೆ ಮುಂದಿನ ಪಾದವನ್ನೂ ಅಡ್ಡ ತಿರುಗಿಸಿ. ಹೊಸಬರು ಎಡವುವುದು ಈ ತಿರುಗಿಸುವಲ್ಲೇ. ಅವಸರ ಮಾಡಬೇಡಿ. ಕಣ್ಣು ಪಾದದ ಮೇಲಲ್ಲ, ನಾಲ್ಕು ಹೆಜ್ಜೆ ಮುಂದಿರಲಿ. ಹಿಂದಿನ ಕಾಲಿನ ಮೇಲೆ ನಿಂತು ಮುಂದಿನ ಕಾಲಿನಿಂದ ನೂಕುವುದು ಮೊದಮೊದಲು ಸಲೀಸು ಅನಿಸುತ್ತದೆ. ಆ ಚಟ ಹತ್ತಿದರೆ ಆಮೇಲೆ ಬಿಡಿಸುವುದು ಕಷ್ಟ.

ನೂಕುವುದರ ಜೊತೆಗೇ ನಿಲ್ಲಿಸುವುದನ್ನೂ ಕಲಿಯಿರಿ. ಹಿಂದಿನ ಕಾಲನ್ನು ಇಳಿಸಿ ಅಂಗಾಲನ್ನು ನೆಲಕ್ಕೆ ಹಗುರವಾಗಿ ಸವರಿ, ನಿಧಾನಕ್ಕೆ ಒತ್ತಡ ಹೆಚ್ಚಿಸಿ. ಒಮ್ಮೆಲೇ ಊರಿದರೆ ಬೀಳುತ್ತೀರಿ. ಬೀಳುವುದು ಹೇಗೂ ಇದ್ದದ್ದೇ ಅಲ್ವಾ? ಬೀಳುವಾಗ ಕೈ ನೆಟ್ಟಗೆ ಚಾಚಬೇಡಿ, ಇಡೀ ಮೈಭಾರ ಮಣಿಕಟ್ಟಿಗೆ ಬಂದು ಮೂಳೆ ಮುರಿಯಬಹುದು. ಕುಕ್ಕರಿಸಿದಂತೆ ತಗ್ಗಿ, ಪಕ್ಕಕ್ಕೆ ಭುಜದ ಮೇಲೆ ಉರುಳಿ. ಇದನ್ನು ಹುಲ್ಲಿನ ಮೇಲೆ ಬೇಕೆಂದೇ ಬಿದ್ದು ಕಲಿಯಬಹುದು.

ತಿರುಗಲು ಹಿಮ್ಮಡಿಗೋ ಬೆರಳಿಗೋ ಭಾರ ಕೊಟ್ಟರೆ ಸಾಕು. ಬೋರ್ಡ್ ಬಾಗದಿದ್ದರೆ ಟ್ರಕ್ಕಿನ (ಹಲಗೆಯ ಕೆಳಗೆ ಚಕ್ರಗಳನ್ನು ಹಿಡಿದಿರುವ ಲೋಹದ ಭಾಗ) ನಡುವಿನ ದೊಡ್ಡ ನಟ್ಟನ್ನು ಪಾನಾದಿಂದ ಕಾಲು ಸುತ್ತು ಸಡಿಲಿಸಿ. ಅದಾದ ಮೇಲೆ ಟೇಲ್, ಅಂದರೆ ಬೋರ್ಡಿನ ಹಿಂದಿನ ತುದಿ ಒತ್ತಿ, ಮುಂದಿನ ಚಕ್ರ ಚೂರೇ ಎತ್ತಿ ತಿರುಗುವ ಕಿಕ್ ಟರ್ನ್. ಹಲಗೆ ಸಮೇತ ಹಾರುವ ಆಲಿ ಎಲ್ಲರಿಗೂ ಮೊದಲ ವಾರವೇ ಬೇಕು. ಬೇಡ, ತಡೆಯಿರಿ.

ಜೂನ್ ಬಂತೆಂದರೆ ಬೋರ್ಡ್ ಹೊರಗೆ ಒಯ್ಯಬೇಡಿ. ನೀರು ಕುಡಿದ ಹಲಗೆ ಪದರ ಬಿಡುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ತೊಯ್ದರೆ ಚಕ್ರ ಬಿಚ್ಚಿ ಒರೆಸಿ ಒಣಗಿಸಿ, ಬೇರಿಂಗಿಗೆ ಒಂದೊಂದೇ ಹನಿ ಹೊಲಿಗೆ ಮಷಿನ್ ಎಣ್ಣೆ ಬಿಡಿ. ಕಿಕ್ ಟರ್ನ್ ಅಭ್ಯಾಸಕ್ಕೆ ಪಾರ್ಕಿಂಗ್ ಇದ್ದೇ ಇದೆ, ಮೇಲಿನ ಮನೆಯ ಅಜ್ಜಿ ಮಧ್ಯಾಹ್ನ ಮಲಗುವ ಹೊತ್ತೊಂದು ಬಿಟ್ಟು.